ಇಳಿಜಾರಿಗೆ ಬೇಕಾದ ಹೊಲಿಗೆ

ಗುಡಿಸಲಿಗೆ ಮೂರೇ ಗೋಡೆ. ನಾಲ್ಕನೆಯ ಕಡೆ ಇಡೀ ಕಣಿವೆ ತೆರೆದುಕೊಂಡಿತ್ತು. ಕಾಲ್ನಡಿಗೆಯಲ್ಲಿ ಬೆಟ್ಟ ದಾಟುವವರು ರಾತ್ರಿ ತಂಗಲೆಂದು ಕಟ್ಟಿದ್ದು. ಮಲಗಲು ಹಲಗೆ, ಇಲಿಗೆ ಸಿಗದಂತೆ ಊಟದ ಚೀಲ ನೇತುಹಾಕಲು ತೊಲೆಯಲ್ಲೊಂದು ಕೊಕ್ಕೆ, ಅಷ್ಟೇ. ಯಾರೇ ಬಂದರೂ ಮೊದಲು ಬಂದವರು ಸರಿದು ಜಾಗ ಕೊಡಬೇಕೆಂಬುದು ಆ ದಾರಿಯ ರೂಢಿ.

ಹಾಗಾಗಿ ಮಂಜಿನೊಳಗಿಂದ ಏದುಸಿರು ಬಿಡುತ್ತ ಹತ್ತಿ ಬಂದವನನ್ನು ಕಂಡು, ಆ ಸಂಜೆ ಅಲ್ಲಿ ತಂಗಿದ್ದ ನರ್ಸ್ ತುಟಿ ಬಿಗಿದುಕೊಂಡೇ ಪಕ್ಕಕ್ಕೆ ಸರಿದಳು.

ಇವನ ಜೊತೆಗೇ ಈ ಬೆಟ್ಟ ದಾಟಬೇಕೆಂದಿದ್ದಳು ಅವಳು. ಆಚೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲೇ ಮದುವೆ, ಅಲ್ಲೇ ಅವನದೊಂದು ಶೂ ರಿಪೇರಿ ಅಂಗಡಿ ಎಂದು ಮಾತಾಗಿತ್ತು. ಹೋದ ವಾರ ಅವನು ತಲೆ ತಗ್ಗಿಸಿ, "ಅಮ್ಮನ್ನ ಬಿಟ್ಟು ಬರೋಕಾಗಲ್ಲ" ಎಂದುಬಿಟ್ಟಿದ್ದ. ಅವಳು ಸಾಮಾನನ್ನೆಲ್ಲ ಬಸ್ಸಿಗೆ ಹಾಕಿ, ಹಟಕ್ಕೆ ಒಬ್ಬಳೇ ನಡೆದು ಹೊರಟಿದ್ದಳು.

ಈಗ ಬಂದಿದ್ದಾನೆ. ಎದೆಯೊಳಗೆ ಏನೋ ಕರಗತೊಡಗಿತು.

"ಬೂಟು ಬಿಚ್ಚು," ಎಂದ ಅವನು.

"ಏನಂದೆ?"

"ಸೋಲ್ ಬರೀ ಅಂಟಲ್ಲಿ ನಿಂತಿದೆ. ಹೊಲಿಗೆ ಹಾಕೇ ಇಲ್ಲ. ಒಣಗಲಿ ಅಂತ ಕಿಟಕಿ ಪಕ್ಕ ಇಟ್ಟಿದ್ದೆ. ನೀನು ತಗೊಂಡು ಹೋಗೋಕೆ ಬಂದಾಗ ಅಮ್ಮ ಅದನ್ನೇ ಎತ್ತಿ ಕೊಟ್ಬಿಟ್ಟಿದ್ದಾಳೆ. ಇಲ್ಲಿ ಫೋನೂ ಸಿಗಲ್ಲ."

"ಅಂದ್ರೆ, ಬೂಟಿಗೋಸ್ಕರ ಬಂದೆ."

"ನಾಳೆ ಇಳಿಯುವಾಗ ಸೋಲ್ ಕಿತ್ಕೊಂಡ್ರೆ ಕಣಿವೆಗೇ ಬೀಳ್ತೀಯ."

"ಎಂಥಾ ಒಳ್ಳೆ ಡಾಕ್ಟರಪ್ಪ. ಪೇಷಂಟ್ ಇದ್ದಲ್ಲಿಗೇ ಬಂದಿದ್ದಾರೆ." ಮೊದಲು ಅವನನ್ನು ಬೂಟಿನ ಡಾಕ್ಟರೆಂದು ಹೀಗೆಯೇ ಕಾಡಿಸುತ್ತಿದ್ದಳು. ಈಗ ಆ ಮಾತು ಅವಳ ಬಾಯಿಗೇ ಕಹಿಯಾಯಿತು.

ಅವಳು ಬಿಚ್ಚಿಕೊಟ್ಟ ಬೂಟನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಕಿರುವಾಗಲೇ ದಬ್ಬಳ ಚುಚ್ಚಿದ. ಮೇಣದ ದಾರ ಎಳೆದಾಗಲೆಲ್ಲ ಅವನ ಕೆಳತುಟಿ ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ನೋಡಬಾರದೆಂದು ಅವಳು ಕಣಿವೆಯತ್ತ ತಿರುಗಿದಳು, ಮತ್ತೆ ನೋಡಿದಳು. ಈ ಹೊಲಿಗೆ ಮುಗಿದರೆ ತಾನು ಕ್ಷೇಮವಾಗಿ ಇಳಿದು ಅವನಿಂದ ದೂರ ಹೋಗುವವಳು. ಅದು ಗೊತ್ತಿದ್ದೂ ಅವನು ಒಂದು ಹೊಲಿಗೆಯನ್ನೂ ಸಡಿಲ ಬಿಡುತ್ತಿಲ್ಲ. ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ.

"ಕೈ ಯಾಕೆ ನಡುಗ್ತಿದೆ?"

"ಚಳಿ."

"ನಾನು ನರ್ಸು. ಚಳಿ ನಡುಕ ಯಾವುದು ಅಂತ ಗೊತ್ತಾಗುತ್ತೆ."

ಒಂದು ಬೂಟು ಮುಗಿಯುವಷ್ಟರಲ್ಲಿ ಕತ್ತಲಾಯಿತು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ತೆರೆದ ಕಡೆಯಿಂದ ಗಾಳಿ ನೇರ ಅವಳ ಬೆನ್ನಿಗೆ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು ಎದ್ದು ಗಾಳಿಗೂ ಅವಳಿಗೂ ನಡುವೆ ಹೋಗಿ ಮಲಗಿದ. ಅವಳು ಸದ್ದಾಗದಂತೆ ಅತ್ತಳು.

ಬೆಳಿಗ್ಗೆ ಎರಡನೆಯ ಬೂಟು ಅರ್ಧವಾಗುವಾಗ ದಾರ ಮುಗಿಯಿತು. ಇನ್ನೊಂದು ಉಂಡೆಗಾಗಿ ಅವನು ಚೀಲದ ತಳಕ್ಕೆ ಕೈ ಹಾಕಿದ. ಮೊದಲು ಹೊರಬಂದದ್ದು ಅವನ ಅಪ್ಪನ ಸುತ್ತಿಗೆ. ಆಮೇಲೆ ಚರ್ಮ ಕೊಯ್ಯುವ ಚಾಕು. ಅದರಡಿ ಇಸ್ತ್ರಿ ಮಾಡಿ ಮಡಚಿದ ಅವನ ಶರ್ಟುಗಳೆಲ್ಲ.

"ಚೀಲ ನೀನು ತುಂಬಿದ್ದಲ್ವಾ?"

"ಅಮ್ಮ. ಬಾಗಿಲಲ್ಲಿ ಇಟ್ಟಿದ್ಳು, ಎತ್ಕೊಂಡು ಓಡಿ ಬಂದೆ."

"ಇಷ್ಟು ಭಾರ ಯಾಕೆ ಅಂತ ಅನ್ನಿಸ್ಲಿಲ್ವಾ?"

"ಎದೆ ಭಾರ ಅಂದ್ಕೊಂಡೆ."

ನಗು ಬಂತು, ಅವಳು ತಡೆದುಕೊಂಡಳು. "ಹೊಲಿದ ಬೂಟು ಯಾವುದು, ಹೊಲಿಯದ್ದು ಯಾವುದು ಅಂತ ನಿಮ್ಮಮ್ಮಂಗೆ ಗೊತ್ತಾಗಲ್ವಾ?"

"ಕಣ್ಣು ಮುಚ್ಚಿ ಹೇಳ್ತಾಳೆ." ಅವನ ದನಿ ತಗ್ಗಿತು. "ಹತ್ತುವಾಗ ಅಂಟು ತಡೆಯುತ್ತೆ. ಇಳಿಯುವಾಗಲೇ ಕಾಲು ಮುಂದಕ್ಕೆ ಒತ್ತಿ ಸೋಲ್ ಬಿಡೋದು. ಅದನ್ನ ನನಗೆ ಕಲಿಸಿದ್ದೇ ಅವಳು."

"ಅಂದ್ರೆ ಇಲ್ಲೀವರೆಗೂ ನನಗೇನೂ ಆಗಲ್ಲ ಅಂತ ಅವರಿಗೆ ಗೊತ್ತಿತ್ತು."

"ನಾನು ಹಿಂದೆಯೇ ಓಡಿ ಬರ್ತೀನಿ ಅಂತಾನೂ."

ಊರಲ್ಲಿ ಅಮ್ಮನನ್ನೂ ಅಂಗಡಿಯನ್ನೂ ನೋಡಿಕೊಳ್ಳಲು ಅವನ ತಂಗಿ ಇದ್ದಳು, ಅವನಿಗಿಂತ ಚುರುಕು ಕೈಯವಳು. ಅದು ಇಬ್ಬರಿಗೂ ಮೊದಲಿನಿಂದ ಗೊತ್ತಿತ್ತು.

"ಅಮ್ಮ ಬರೀ ನೆಪ," ಎಂದ ಅವನು, ಬೂಟನ್ನೇ ನೋಡುತ್ತ. "ಆ ಊರಲ್ಲಿ ನನ್ನ ಅಂಗಡಿಗೆ ಯಾರೂ ಬರದಿದ್ರೆ? ನಿನ್ನ ದುಡಿಮೆಯಲ್ಲಿ ಕೂತು ತಿನ್ನೋನಾದ್ರೆ? ಒಂದಿನ ನೀನು ನನ್ನ ಬೇರೆ ಥರ ನೋಡಿದ್ರೆ?"

"ಹೋದ ವಾರ ಇದನ್ನೇ ಹೇಳಬಹುದಿತ್ತು."

"ಹೇಳಿದ್ರೆ ನೀನು ಧೈರ್ಯ ಹೇಳ್ತಿದ್ದೆ. ನಾನು ಹೊರಟುಬಿಡ್ತಿದ್ದೆ. ಅದಕ್ಕೂ ಭಯ."

"ಈಗ ಹೋಯ್ತಾ ಭಯ?"

"ಇಲ್ಲ."

ಸುಳ್ಳು ಹೇಳಲಿಲ್ಲವಲ್ಲ ಎಂದು ಅವಳಿಗೆ ಹಗುರವಾಯಿತು. "ಮುಗಿಸು," ಎಂದಳು.

ಅವನು ಮುಗಿಸಿದ. ಮಂಡಿಯೂರಿ ತಾನೇ ಅವಳ ಬೂಟಿನ ಲೇಸು ಕಟ್ಟಿದ. ಸುತ್ತಿಗೆ, ಚಾಕು, ಶರ್ಟು ಎಲ್ಲವನ್ನೂ ಮತ್ತೆ ಚೀಲಕ್ಕೆ ಹಾಕಿ ಹೆಗಲಿಗೇರಿಸಿದ. ಬಂದ ದಾರಿಯತ್ತ ಒಮ್ಮೆ ನೋಡಿ, ಇಳಿಜಾರಿನ ಕಡೆ ತಿರುಗಿದ.

"ನಾನು ಮುಂದೆ ಇಳೀತೀನಿ. ಜಾರಿದ್ರೆ ನನ್ನ ಮೇಲೆ ಬೀಳು."

"ನಿನ್ನ ಹೊಲಿಗೆ ಮೇಲೆ ಅಷ್ಟೇನಾ ನಂಬಿಕೆ?"

"ಹೊಲಿಗೆ ಗಟ್ಟಿ ಇದೆ. ನನ್ನ ಕಾಲೇ ನಡುಗ್ತಿರೋದು."

"ಹಾಗಾದ್ರೆ ನಾನು ಮುಂದೆ."

ಅವಳು ಮೊದಲ ಹೆಜ್ಜೆ ಇಳಿದು, ತಿರುಗಿ ನೋಡದೆಯೇ ಕೈಯನ್ನು ಹಿಂದಕ್ಕೆ ಚಾಚಿದಳು. ನಡುಗುವ ಕೈಯೊಂದು ಬಂದು ಅದರೊಳಗೆ ಸೇರಿತು. ಚಳಿಯಾ ಎಂದು ಅವಳು ಕೇಳಲಿಲ್ಲ.