ಎರಡು ಬೆರಳು ಎಡಕ್ಕೆ

ನಂಬದಿದ್ದರೆ ಬಿಡಿ, ಆ ಗುರಿಹಾಳೆ ಇನ್ನೂ ನನ್ನ ಹತ್ತಿರವಿದೆ.

ತೀರಿಹೋದ ಅಕ್ಕನ ರೈಫಲ್ಲಿಗೆ ಹೊಸ ನಳಿಕೆ ಹಾಕಿಸಿದ್ದೆ. ಮರುದಿನ ಶೂಟಿಂಗ್ ತಂಡದ ಆಯ್ಕೆ. ಗುಂಡು ಮಾತ್ರ ಅವಳು ಹೊಡೆಯುತ್ತಿದ್ದ ಹಾಗೆಯೇ ನಡುವಿನಿಂದ ಎರಡು ಬೆರಳು ಎಡಕ್ಕೆ ಬೀಳುತ್ತಿತ್ತು. ಬಂದೂಕು ರಿಪೇರಿ ಮಾಡುವ ಸೋದರಮಾವ ತಿರುಪು ಬಿಗಿದರು, ದುರ್ಬೀನು ಬದಲಿಸಿದರು, ಕೊನೆಗೆ ರೈಫಲನ್ನು ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳಕ್ಕೆ ಕಚ್ಚಿಸಿ ಹಾರಿಸಿದರು. ಮತ್ತೆ ಅಲ್ಲಿಗೇ. ಅಷ್ಟು ಗುಂಡು ಹಾರಿದರೂ ನಳಿಕೆ ತಣ್ಣಗೆ ಕೊರೆಯುತ್ತಿತ್ತು.

“ಬಲಕ್ಕೆ ಗುರಿಯಿಟ್ಟು ಹೊಡಿಯಮ್ಮ. ಅವಳ ಜೊತೆ ಯಾಕೆ ಜಗಳ?” ಎಂದರು ಮಾವ.

“ಸತ್ತ ಮೇಲೂ ಅವಳದೇ ನಡೀಬೇಕಾ ಮಾವ?”

ಹೊಸ ಹಾಳೆ ಸಿಕ್ಕಿಸಿ ಬಾಗಿದೆ. ಬಹಳ ಹೊತ್ತಿನಿಂದ ಯಾರೂ ಮುಖ ತಾಗಿಸಿರದ ಮರದ ಹಿಡಿ ಕೆನ್ನೆಗೆ ಬೆಚ್ಚಗಿತ್ತು.

“ಆಚೆ ಸರ್ಕೊಳ್ಳೇ ಅಕ್ಕಾ,” ಎಂದು ಟ್ರಿಗರ್ ಒತ್ತಿದೆ.

ಗುಂಡು ನಟ್ಟನಡುವೆ ಬಿದ್ದಿತ್ತು. ಎರಡು ಬೆರಳು ಎಡಕ್ಕೆ ಇನ್ನೊಂದು ತೂತಿತ್ತು. ನಾನು ಹಾರಿಸಿದ್ದು ಒಂದೇ ಗುಂಡು.