ಗುಡಾಣಕ್ಕೆ ಹೇಳದ ಸುಳ್ಳು

“ಒಂದು ಸುಳ್ಳು ಹೇಳು.”

ಅವನು ಅವಳ ಜೊತೆ ಆಡಿದ ಮೊದಲ ಮಾತು ಇದು.

ಜೋಹರಾ ಹುನಗುಂದದ ಚಕ್ಕಡಿಯಿಂದ ಇಳಿದು ಇನ್ನೂ ಸೆರಗಿನ ಧೂಳು ಕೊಡವಿರಲಿಲ್ಲ. ಇಳಕಲ್ಲಿನ ಆ ಅಂಗಳದಲ್ಲಿ ಎಲ್ಲಿ ನೋಡಿದರೂ ನೀಲಿ... ಹಗ್ಗದ ಮೇಲೆ ನೀಲಿ ನೂಲು, ಗೋಡೆಯ ಮೇಲೆ ನೀಲಿ ಕೈಗುರುತು. ನಡುವೆ ಕುತ್ತಿಗೆಮಟ ನೆಲದಲ್ಲಿ ಹೂತಿದ್ದ ದೊಡ್ಡ ಬಣ್ಣದ ಗುಡಾಣ. ಅದರ ಬಾಯಿಗೆ ಬಗ್ಗಿ ನಿಂತಿದ್ದ ತರುಣನ ಕೈಗಳೂ ಮೊಣಕೈವರೆಗೆ ನೀಲಿ.

ಅವಳು ಬಾಯಿ ತೆರೆಯಲಿಲ್ಲ. ಯಾರಾದರೂ ತಟ್ಟನೆ ಮಾತಾಡಿಸಿದರೆ ಅವಳ ಗಂಟಲು ಹೀಗೆಯೇ ಕಟ್ಟುತ್ತಿತ್ತು.

“ಹೆದರಬ್ಯಾಡ, ತಲಿ ಕೆಟ್ಟಿಲ್ಲ ನನಗ,” ಎಂದ ಅವನು. “ಗುಡಾಣ ಸತ್ತೈತಿ. ನೋಡು, ನೊರಿ ಇಲ್ಲ, ಬರೇ ನಾತ. ಬೆಲ್ಲ ಹಾಕಿದ್ವಿ, ಸುಣ್ಣ ಹಾಕಿದ್ವಿ, ಏಳವಲ್ದು. ಇನ್ನ ಉಳದದ್ದು ಒಂದ ಔಷಧ. ಊರು ನಂಬುವಂಥಾ ಸುಳ್ಳು ಹಬ್ಬಿಸಬೇಕು. ಸುಳ್ಳು ಊರಾಗ ಓಡಿದಂಗ ನೀಲಿಗೆ ಜೀವ ಬರ್ತದ ಅಂತ ನಮ್ಮ ಹಿರ್ಯಾರು ಹೇಳ್ತಿದ್ರು. ನನ್ನ ಸುಳ್ಳು ಎಲ್ಲಾ ಮುಗದಾವ. ರಾಮಥಾಳದಾಗ ಎರಡು ತಲಿ ಕರು ಹುಟ್ಟಿಸೇನಿ. ಗುಳೇದಗುಡ್ಡದಾಗ ಬಿಳೇ ಕಾಗಿ ಹಾರಿಸೇನಿ. ನೀ ಹೊಸಬಾಕಿ, ಹೊಸಾದೊಂದು ಹೇಳು.”

ಸುಳ್ಳು...

ಹನ್ನೊಂದು ವರ್ಷ ನಾನು ಮಾಡಿದ್ದೇ ಅದಲ್ಲವೇ, ಅಂದುಕೊಂಡಳು ಅವಳು.

ಹಾದಿಯುದ್ದಕ್ಕೂ ಮುಚ್ಚಿದ್ದ ಬಾಯಿಂದ ಒಂದೇ ಒಂದು ಮಾತು ಹೊರಬಂತು.

“ನಮ್ಮ ಅಬ್ಬಾ, ನಮ್ಮ ಅಮ್ಮನ ಕೂಡ ಮಾತಾಡ್ಯಾರ.”

ಅವನು ನಗಲು ಬಾಯಿ ತೆರೆದವನು ಅವಳ ಮುಖ ನೋಡಿ ಗುಡಾಣದಿಂದ ಈಚೆ ಬಂದ. ಕೈ ಒರೆಸಿಕೊಂಡ.

“ಇದನ್ನ ನಾ ಪ್ಯಾಟಿಗೆ ಒಯ್ಯಾಂಗಿಲ್ಲ,” ಎಂದ ಮೆಲ್ಲಗೆ. “ಗುಡಾಣಕ್ಕ ಮತ್ತೊಂದು ಹುಡುಕ್ತೇನಿ.”

ಅವನ ಹೆಸರು ಬಂದೇನವಾಜ.

ಜೋಹರಾಳ ತಂದೆ ಬಾಬುಸಾಬ ಹುನಗುಂದದಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವನು. ತಾಯಿ ಲಾಡಬಿ. ಜೋಹರಾಗೆ ಏಳು ವರ್ಷವಿದ್ದಾಗ, ಗಂಡ ಬೇಡವೆಂದರೂ ಲಾಡಬಿ ತವರಿನ ಒಂದು ಮದುವೆಗೆ ಹೋಗಿ ಬಂದಿದ್ದಳು. ಆ ದಿನದಿಂದ ಗಂಡ ಹೆಂಡತಿ ಒಬ್ಬರೊಡನೆ ಒಬ್ಬರು ಮಾತಾಡಲಿಲ್ಲ. ಒಂದೇ ಮನೆ, ಒಂದೇ ಒಲೆ, ನಡುವೆ ಮಗಳು.

“ನಿಮ್ಮ ಅಮ್ಮಗ ಹೇಳು, ಸಾರಿಗೆ ಉಪ್ಪಿಲ್ಲ ಅಂತ.”

“ನಿಮ್ಮ ಅಬ್ಬಾಗ ಹೇಳು, ನಾಲಿಗಿ ಸತ್ತವರಿಗೆ ಉಪ್ಪು ಹತ್ತಾಂಗಿಲ್ಲ ಅಂತ.”

ಇಬ್ಬರೂ ಒಂದು ಮೊಳ ದೂರದಲ್ಲಿ ಕುಳಿತೇ ಹೀಗೆ ಅನ್ನುತ್ತಿದ್ದರು. ಕಿವಿ ಇಬ್ಬರಿಗೂ ಇತ್ತು. ಆದರೂ ಮಾತನ್ನು ಜೋಹರಾ ಹೊತ್ತೊಯ್ದ ಮೇಲೆಯೇ ಅದು ಮಾತು. ಅವಳು ಅದಕ್ಕೆ ಬೆಲ್ಲ ಹಚ್ಚುತ್ತಿದ್ದಳು. “ಉಪ್ಪು ತರ್ತಾಳಂತ ಅಬ್ಬಾ.” ಸುಳ್ಳು ಸಿಕ್ಕಿಬಿದ್ದರೆ ಇಬ್ಬರ ಸಿಟ್ಟೂ ಅವಳ ಬೆನ್ನ ಮೇಲೆ.

ಹದಿನೆಂಟಕ್ಕೆ ಬರುವಷ್ಟರಲ್ಲಿ ಅವಳಿಗೆ ಅನ್ನ ಗಂಟಲಲ್ಲಿ ಇಳಿಯದಾಯಿತು. ಕೈ ನಡುಗುತ್ತಿತ್ತು. ಮಾತು ಬರುಬರುತ್ತಾ ನಿಂತೇಹೋಯಿತು. ಗಾಳಿ ಬಡಿದಿದೆ ಅಂದರು, ತೋಳಿಗೆ ನಾಲ್ಕು ತಾಯಿತ ಕಟ್ಟಿದರು. ಗೊತ್ತಾಗಿದ್ದ ಮದುವೆ ಮುರಿದುಬಿತ್ತು. ಕೊನೆಗೆ ಹವಾ ಬದಲಾಗಲಿ ಎಂದು ಇಳಕಲ್ಲಿನ ದೌಲತಬಿಯ ಮನೆಗೆ ಕಳಿಸಿದರು. ದೌಲತಬಿ ತಾಯಿಗೆ ದೂರದ ಅಕ್ಕ, ನೂಲಿಗೆ ನೀಲಿ ಬಣ್ಣ ಹಾಕುವವಳು.

“ಗಾಳಿ ಬಡದೈತಂತ, ಖರೆ ಏನ?” ಎಂದು ದೌಲತಬಿ ಮೊದಲ ದಿನವೇ ಕೇಳಿದಳು. “ಹಂಗಿದ್ರ ಚಲೋನ ಆತು. ಹಗ್ಗದ ಬಾಜೂಕ ನಿಂದ್ರು, ನೂಲು ಲಗೂನ ಒಣಗ್ತಾವು.”

ಆ ಮನೆಯೇ ಒಂದು ವಿಚಿತ್ರ. ಮೂರು ವರ್ಷದ ಹಿಂದೆ ಪ್ಲೇಗು ಬಂದಾಗ ಊರು ಖಾಲಿ ಮಾಡಿ ಜನ ಹೊಲಗಳಲ್ಲಿ ಗುಡಿಸಲು ಹಾಕಿದ್ದರು. ಅಲ್ಲಿ ದೌಲತಬಿ ಗಂಡನನ್ನು ಕಳೆದುಕೊಂಡಳು. ಪಕ್ಕದ ಗುಡಿಸಲಿನ ನೇಕಾರರ ಚಂದವ್ವ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡಳು. ಬಂದೇನವಾಜನಿಗೆ ಮನೆಯೆಂಬುದೇ ಉಳಿಯಲಿಲ್ಲ. ಊರಿಗೆ ತಿರುಗಿ ಬರುವಾಗ ಮೂವರೂ ಒಂದೇ ಬಂಡಿ ಹತ್ತಿದರು, ಒಂದೇ ಅಂಗಳದಲ್ಲಿ ಇಳಿದರು. ಜನ ಆಡಿಕೊಂಡರು. ಆಡಿಕೊಂಡವರ ನೂಲಿಗೂ ಇವರೇ ಬಣ್ಣ ಹಾಕಿದರು.

ಚಂದವ್ವನ ಒಲೆ ಬೇರೆ, ದೌಲತಬಿಯ ಒಲೆ ಬೇರೆ. ಜಗಳ ಮಾತ್ರ ಒಂದೇ.

“ನನ್ನ ಒನಕಿ ಯಾರ ಮುಟ್ಟಿದ್ರು?”

“ನಾನ ಮುಟ್ಟೇನಿ. ಏನ್ ಮಾಡ್ತೀ? ಪಂಚಾಯ್ತಿ ಕೂಡಸ್ತೀ?”

“ನಿನ್ನಂಥಾ ಹೆಣ್ಮಗಳನ್ನ ಈ ತಾಲೂಕಿನಾಗ ಕಂಡಿಲ್ಲ ನಾ.”

“ತಾಲೂಕು ಬಿಟ್ಟು ಯಾವಾಗ ಹೋಗಿದ್ದೀ ನೀ?”

ಮೊದಲ ಸಲ ಕೇಳಿದಾಗ ಜೋಹರಾ ಕೈಲಿದ್ದ ನೂಲು ಕೆಳಗಿಟ್ಟು ಎದ್ದು ನಿಂತಳು. ಈಗ ಕರೆಯುತ್ತಾರೆ... “ಅಕೀಗೆ ಹೇಳು” ಅನ್ನುತ್ತಾರೆ...

ಯಾರೂ ಕರೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಚಂದವ್ವ ತನ್ನ ರೊಟ್ಟಿ ತಂದು ದೌಲತಬಿಯ ಎದುರಿಗೇ ಕುಳಿತು ತಿಂದಳು. “ನಿನ್ನ ಉಪ್ಪಿನಕಾಯಿ ಕೊಡು, ದೆವ್ವ,” ಎಂದಳು. ಅಷ್ಟೇ. ಜಗಳ ಮುಗಿದಿತ್ತು.

ಜಗಳಕ್ಕೆ ಕೊನೆಯೂ ಇರುತ್ತದೆಯೇ? ಜೋಹರಾಗೆ ಅದು ಗೊತ್ತೇ ಇರಲಿಲ್ಲ. ಅಂದು ಮೂಲೆಯಲ್ಲಿ ಕುಳಿತು ಎರಡು ರೊಟ್ಟಿ ತಿಂದಳು. ಒಂದೂ ಗಂಟಲಲ್ಲಿ ನಿಲ್ಲಲಿಲ್ಲ.

ದಿನ ಕಳೆದಂತೆ ಮಾತು ಮರಳಿತು. ಒಂದೊಂದೇ, ಅಂಜಂಜುತ್ತಾ. ಹೆಚ್ಚಿನವು ಬಂದೇನವಾಜನ ಜೊತೆಗೆ. ಯಾವುದೋ ಬೇರೆ ಸುಳ್ಳಿಗೆ ಗುಡಾಣ ಎದ್ದಿತ್ತು. ಅವನು ಅದರಿಂದ ನೂಲು ಎತ್ತಿದಾಗ ಅದು ಹಸಿರು-ಹಳದಿ ಇರುತ್ತಿತ್ತು, ಗಾಳಿಗೆ ಹಿಡಿದರೆ ಕಣ್ಣೆದುರೇ ನೀಲಿಯಾಗುತ್ತಿತ್ತು. ದಿನವೂ ಅದನ್ನು ನೋಡಲು ಅವಳು ಬರುವಳು. ದಿನವೂ ಅವನು ಎತ್ತುವ ಮೊದಲು ಅವಳು ಬಂದಳೇ ಎಂದು ನೋಡುವನು. ಇಬ್ಬರೂ ನೂಲಿನ ಬಗ್ಗೆಯೇ ಮಾತಾಡುತ್ತಿದ್ದರು. ಪಾಪ ನೂಲಿನ ಬಗ್ಗೆ ಅಷ್ಟೊಂದು ಮಾತಾಡಲು ಏನಿತ್ತು...

ಮರುವರ್ಷ ಚಳಿಗಾಲದಲ್ಲಿ ಗುಡಾಣ ಮತ್ತೆ ಸತ್ತಿತು.

ಮೂರನೆಯ ದಿನ ನೂಲು ಕೇಳಲು ಬಂದ ನೇಕಾರರ ಬಾಳಮ್ಮ ಬಾಗಿಲಲ್ಲೇ ನಗತೊಡಗಿದಳು.

“ಈ ಸಲದ್ದು ಮಾತ್ರ ಭಾರಿ ಸುಳ್ಳು ಬಿಡವಾ. ಬಂದೇನವಾಜ ನಿನ್ನ ಲಗ್ನ ಆಗ್ತಾನಂತ. ಹುನಗುಂದದ ಸಂತಿಮಟ ಹೋಗೇತಿ ಸುದ್ದಿ. ಗಾಳಿ ಬಡದಾಕೀನ ಯಾರ ಕಟ್ಟಿಕೊಳ್ತಾರ? ಗುಡಾಣ ಸತ್ತೈತಿ ಅಂತ ಆವಾಗ ತಿಳೀತು ನಮಗ.”

ಜೋಹರಾ ನಗಲು ನೋಡಿದಳು. ಆಗಲಿಲ್ಲ.

ಎರಡು ತಲೆಯ ಕರು. ಬಿಳಿಯ ಕಾಗೆ. ಅವುಗಳ ಸಾಲಿಗೆ ನಾನು... ನನ್ನನ್ನು ಮದುವೆಯಾಗುವುದು ಅಂಥದ್ದೇ ಮಾತೇ ಅವನಿಗೆ?

ಎರಡು ದಿನ ಅವಳು ಅವನ ಕಡೆ ತಿರುಗಲಿಲ್ಲ. ಅವನು “ಜೋಹರಾ” ಎಂದರೆ ಎದ್ದು ಹೋದಳು. ಅವನ ಮುಖ ಸಣ್ಣದಾಯಿತು.

ಮೂರನೆಯ ದಿನ ಬೆಳಿಗ್ಗೆ ಅವನು ಹಗ್ಗದ ಪಕ್ಕದಲ್ಲೇ ನಿಂತಿದ್ದ. ಜೋಹರಾ ಚಂದವ್ವನ ಕಡೆ ತಿರುಗಿದಳು.

“ಅವರಿಗೆ ಹೇಳ್ರಿ ಚಿಗವ್ವ, ಹಳೇ ನೂಲು ಒಣಗ್ಯಾವ ಅಂತ.”

ಚಂದವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

“ಅಂವ ಇಲ್ಲೇ ನಿಂತಾನಲ್ಲ. ನಾ ಯಾಕ ಹೇಳ್ಲಿ?”

ಜೋಹರಾಳ ಕಿವಿಗೆ ತನ್ನ ದನಿ ಆಗ ಕೇಳಿಸಿತು. ಅದು ತನ್ನದಾಗಿರಲಿಲ್ಲ. ತಾಯಿಯದು... ಅದೇ ತಣ್ಣಗಿನ ರಾಗ, ಅದೇ ಪಕ್ಕಕ್ಕೆ ತಿರುಗಿದ ಮುಖ.

ಕೈಲಿದ್ದ ನೂಲು ಜಾರಿತು. ಹುನಗುಂದದ ಮನೆಯನ್ನು ನನ್ನೊಳಗೇ ಹೊತ್ತು ತಂದೆನೇ?

ಅವನನ್ನು ನೇರವಾಗಿ ಕೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಮುಂದೆ ಚಕ್ಕಡಿ ನಿಂತಿತು.

ಬಾಬುಸಾಬ ಒಳಗೆ ಬಂದ. ರುಮಾಲಿಗೆ ಹತ್ತಿಯ ಎಳೆಗಳು ಅಂಟಿದ್ದವು.

“ಸಂತ್ಯಾಗ ನಿನ್ನ ಹೆಸರು ಕೇಳಿ ಬಂದೇನಿ,” ಎಂದ. “ಗಂಟು ಕಟ್ಟು, ನಡಿ.”

“ಕುಂದರ್ರಿ ಬಾಬುಸಾಬ, ನೀರರ ಕುಡೀರಿ,” ಎಂದಳು ದೌಲತಬಿ.

“ನೀರು ಬ್ಯಾಡ. ಜೋಹರಾ, ಮನ್ಯಾಗ ಒಂದು ಕೆಲಸ ಆಗವಲ್ದು. ನಿಮ್ಮ ಅಮ್ಮ ಹಿಟ್ಟು ಮುಗದೈತಿ ಅಂತ ಯಾರಿಗೆ ಹೇಳಬೇಕು? ನಾ ಉಂಡೇನೋ ಇಲ್ಲೋ ಅಂತ ಯಾರು ಕೇಳಬೇಕು? ನೀ ಇಲ್ದ ಹದಿನಾಕು ತಿಂಗಳಾತು. ಮೂಕರ ಮನಿ ಆಗೇತಿ ಅದು.”

ಹೋಗಬೇಕು... ಹೋದರೆ ಮತ್ತೆ ಅದೇ ಒಲೆ, ಅದೇ ನಡು. ಅನ್ನ ಗಂಟಲಲ್ಲಿ ನಿಲ್ಲುತ್ತದೆ, ಕೈ ನಡುಗುತ್ತದೆ. ಈ ಸಲ ಮಾತು ಹೋದರೆ ಮರಳಿ ಬರುವುದಿಲ್ಲ. ಅದು ಅವಳಿಗೆ ಖಚಿತವಾಗಿ ಗೊತ್ತಿತ್ತು.

ಅವಳು ಉತ್ತರಿಸಲು ನೋಡಿದಳು. ಗಂಟಲು ಕಟ್ಟಿತು. ಬಂದೇನವಾಜ ಒಂದು ಹೆಜ್ಜೆ ಮುಂದೆ ಬಂದ. ಚಂದವ್ವ ಅವನ ಅಂಗಿ ಹಿಡಿದು ಜಗ್ಗಿದಳು.

“ಸುಮ್ನ ನಿಂದ್ರು ಬಂದೇನವಾಜ. ಅಕೀ ಮಾತು ಅಕೀನ ಆಡ್ಲಿ.”

ಯಾರೂ ಅವಳ ಪರವಾಗಿ ಮಾತಾಡಲಿಲ್ಲ. ಆದರೆ ಯಾರೂ ಅಲ್ಲಿಂದ ಕದಲಲಿಲ್ಲ. ಮೂರು ಜೊತೆ ಕಣ್ಣು ಅವಳ ಬೆನ್ನ ಹಿಂದೆ ಕಾದು ನಿಂತಿದ್ದವು. ಕಾಯಲಿ, ಎಷ್ಟು ಹೊತ್ತಾದರೂ ಕಾಯುತ್ತಾರೆ...

“ನಾ... ಬರಾಂಗಿಲ್ಲ ಅಬ್ಬಾ.”

“ಏನಂದೀ?”

“ಬರಾಂಗಿಲ್ಲ. ನಿಮ್ಮಿಬ್ಬರ ಮಾತು ಹೊತ್ತು ಹೊತ್ತು ನನ್ನ ಮಾತು ಸತ್ತಿತ್ತು. ಇಲ್ಲೆ ಬಂದು ಎದ್ದೈತಿ. ಮತ್ತ ಸಾಯಾಕ ನಾ ಕೊಡಾಂಗಿಲ್ಲ.”

“ಗಾಳಿ ಮಾತಾಡಸಾಕ ಹತ್ತೇತಿ ನಿನ್ನ.”

“ಗಾಳಿ ಅಲ್ರಿ.” ಅವಳ ಕೈ ನಡುಗುತ್ತಿತ್ತು. ನಡುಗಿದರೆ ನಡುಗಲಿ ಎಂದು ಹಾಗೆಯೇ ಬಿಟ್ಟಳು. “ಗಾಳಿ ಬಡದಿರಲೇ ಇಲ್ಲ ನನಗ. ನೀವು ಇಬ್ರೂ ನನ್ನ ನಡುವ ನಿಲ್ಲಿಸಿ ಬಡದ್ರಿ. ಕೈಲೆ ಕಡಿಮಿ, ಮಾತಿಲೆ ಭಾಳ.”

ಬಾಬುಸಾಬನ ಕೈ ಮೇಲೆದ್ದಿತು. ಜೋಹರಾ ಹಿಂದೆ ಸರಿಯಲಿಲ್ಲ. ಎತ್ತಿದ ಕೈಯಿಂದ ಅವನು ಸುಮ್ಮನೆ ರುಮಾಲು ಸರಿಪಡಿಸಿಕೊಂಡ.

“ಇಲ್ಲೆ ಯಾರ ಅದಾರ ನಿನಗ? ಇವರೇನು ನಿನ್ನ ಒಡಹುಟ್ಟಿದವರಾ?”

“ಅಲ್ರಿ. ಅದಕ್ಕ ಇರ್ತೇನಿ. ಇವರು ಹುಟ್ಟಿನ ಸಲುವಾಗಿ ಇಟಗೊಂಡಿಲ್ಲ ನನ್ನ.”

ಅವನು ತಿರುಗಿ ಬಾಗಿಲವರೆಗೆ ಹೋದವನು ನಿಂತ. ಈಗ ಅವನಿಂದ ಬಂದ ದನಿ ಜೋಹರಾ ಎಂದೂ ಕೇಳಿದ್ದಲ್ಲ, ದಾರಿ ತಪ್ಪಿದವನದು.

“ನಿಮ್ಮ ಅಮ್ಮಗ... ನಾ ಏನಂತ ಹೇಳ್ಲಿ?”

ಅವಳ ಕಣ್ಣು ತುಂಬಿದವು. ಆದರೂ ಮಾತಿಗೆ ಬೆಲ್ಲ ಹಚ್ಚಲಿಲ್ಲ.

“ತಿಳಿದಂಗ ಹೇಳ್ರಿ ಅಬ್ಬಾ. ಆದ್ರ ನೀವ ಹೇಳ್ರಿ.”

ಚಕ್ಕಡಿ ಹೋಯಿತು. ಚಂದವ್ವ ಸೆರಗಿನಿಂದ ಮೂಗು ಒರೆಸಿಕೊಂಡು ದೌಲತಬಿಗೆ, “ನೀ ಯಾಕ ಅಳಾಕ ಹತ್ತೀ ದೆವ್ವ, ರೊಟ್ಟಿ ಕರಕಾತು ನೋಡು,” ಎಂದಳು. ರೊಟ್ಟಿ ಅವಳದೇ ಆಗಿತ್ತು.

ಜೋಹರಾ ಬಂದೇನವಾಜನ ಎದುರಿಗೆ ಹೋಗಿ ನಿಂತಳು. ಇವತ್ತು ಎಲ್ಲ ಮಾತೂ ಆಗಿಹೋಗಲಿ.

“ನನ್ನ ಹೆಸರು ಸುಳ್ಳಿಗೆ ಯಾಕ ಹಚ್ಚಿದ್ರಿ?”

“ನಾನಾ?” ಅವನು ಬೆಚ್ಚಿದ. “ನಾ ಹೇಳಿದ ಸುಳ್ಳು ಬ್ಯಾರೆ. ಚೊಳಚಗುಡ್ಡದ ಹೊಂಡದಾಗ ಬಿಳೇ ಮೊಸಳಿ ಬಂದೈತಿ ಅಂದೆ. ಐದು ಮಂದಿ ಬುತ್ತಿ ಕಟಗೊಂಡು ನೋಡಾಕ ಹೋಗ್ಯಾರ.”

“ಮತ್ತ ಲಗ್ನದ ಸುದ್ದಿ?”

ಅವನು ತಲೆ ತಗ್ಗಿಸಿದ. ದೌಲತಬಿಯೇ ಬಾಯಿ ಹಾಕಿದಳು.

“ಅದು ಖರೆ ಮಾತವಾ. ನಿನ್ನ ಕೊಡ್ತೀಯೇನು ಅಂತ ನನ್ನ ಕೇಳಾಕ ಬಂದಿದ್ದ. ಗ್ವಾಡಿ ಆಚೆ ಬಾಳಮ್ಮ ಕೇಳಿಸಿಕೊಂಡಾಳ. ಗುಡಾಣ ಸತ್ತಾಗ ಈ ಅಂಗಳದಾಗಿಂದ ಖರೆ ಮಾತು ಹೊರಗ ಹೋದ್ರ ಯಾರ ನಂಬ್ತಾರ? ಮೊಸಳಿ ನಂಬಿದ್ರು, ನಿನ್ನ ಲಗ್ನ ನಂಬಲಿಲ್ಲ.”

ಜೋಹರಾಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

“ದೌಲತಬಿ ಖಾಲಾನ ಕೇಳಿದ್ರಿ,” ಎಂದಳು ಅವನಿಗೆ. “ಚಿಗವ್ವಗೂ ಹೇಳಿರಬೇಕು. ನನಗ ಯಾಕ ಕೇಳಲಿಲ್ಲ? ನೀವೂ ನಿಮ್ಮ ಮಾತು ಇನ್ನೊಬ್ಬರ ತಲಿ ಮ್ಯಾಲೆ ಹೊರಿಸಿದ್ರಿ.”

“ಪದ್ಧತಿ ಹಂಗೈತಿ ಅಂತ...”

“ಪದ್ಧತಿ ಇರ್ಲಿ. ಹಿರ್ಯಾರಿಗೆ ಆಮ್ಯಾಲೆ ಹೇಳ್ರಿ. ನಾ ಇಲ್ಲೇ ನಿಂತೇನಿ.”

ಅವನು ತಲೆ ಎತ್ತಿದ. ಮುದುಕಿಯರಿಬ್ಬರೂ ಒಲೆಯ ಕಡೆ ತಿರುಗಿ, ಕಿವಿ ಮಾತ್ರ ಇತ್ತ ಇಟ್ಟು ಕುಳಿತರು.

“ಜೋಹರಾ,” ಎಂದ. ಈ ಸಲ ಗಂಟಲು ಕಟ್ಟಿದ್ದು ಅವನಿಗೆ. “ನನ್ನ... ಲಗ್ನ ಆಗ್ತೀಯೇನು?”

“ಒಂದು ಮಾತು ಕೊಟ್ರ ಆಗ್ತೇನಿ. ನನ್ನ ಮ್ಯಾಲೆ ಸಿಟ್ಟು ಬಂದ ದಿವಸ ಮಾತು ಬಿಡಬಾರದು.”

“ಭಾಳ ಸಿಟ್ಟು ಬಂದ್ರ?”

“ಭಾಳ ಬೈರಿ. ಆದ್ರ ನನಗ ಬೈರಿ.”

“ಮತ್ತ ನಿನಗ ಬಂದ್ರ?”

ಜೋಹರಾ ಅವನ ನೀಲಿ ಕೈ ಹಿಡಿದಳು. ಅವಳ ಕೈ ಈಗ ನಡುಗುತ್ತಿರಲಿಲ್ಲ.

“ಊರಿಗೆಲ್ಲಾ ಕೇಳೂವಂಗ ಬೈತೇನಿ,” ಎಂದಳು. “ತಯಾರ ಇರ್ರಿ.”