ನೂರಕ್ಕೆ ನಾಲ್ಕು

ಫಲಸೂಚಕ ಯಂತ್ರದ ಉಕ್ಕಿನ ಮೈಗೆ ಯಾರೋ ಆಗಲೇ ಕುಂಕುಮ ಹಚ್ಚಿದ್ದರು. ಸಂಶೋಧನಾ ಪ್ರಬಂಧದ ವಿಷಯ ಆರಿಸುವ ದಿನ ಅದರ ಮುಂದೆ ತೆಂಗಿನಕಾಯಿ ಒಡೆಯುವುದು ರಸಾಯನಶಾಸ್ತ್ರ ವಿಭಾಗದ ರೂಢಿ. ವಿದ್ಯಾರ್ಥಿ ಮುಂದೆ ಬಂದು ತನ್ನ ವಿಷಯ ಹೇಳಬೇಕು. ಯಂತ್ರ ಅದರ ಯಶಸ್ಸಿನ ಸಾಧ್ಯತೆಯನ್ನು ಪರದೆಯ ಮೇಲೆ ತೋರಿಸುತ್ತದೆ. ನೂರಕ್ಕೆ ತೊಂಬತ್ತು ದಾಟಿದರೆ ಹಸಿರು ದೀಪ. ದಾಟದಿದ್ದರೆ ಯಂತ್ರವೇ ಬೇರೊಂದು ವಿಷಯ ಕೊಡುತ್ತದೆ.

ಇದನ್ನು ರೂಪಿಸಿದವರು ವಿಭಾಗದ ಮುಖ್ಯಸ್ಥೆ ಡಾ. ವಿಶಾಲಾಕ್ಷಿ ಕಟ್ಟೀಮನಿ. ಗ್ರಂಥಾಲಯದಲ್ಲಿದ್ದ ಪ್ರಬಂಧಗಳನ್ನೆಲ್ಲ ಅವರು ಅದರ ಸ್ಮೃತಿಕೋಶಕ್ಕೆ ತುಂಬಿದ್ದರು. ಹೊಸ ವಿಷಯ ಬಂದಾಗ ಯಂತ್ರ ಹಳೆಯವುಗಳೊಂದಿಗೆ ಹೋಲಿಸಿ ನೋಡುತ್ತದೆ. ಈ ಕ್ರಿಯೆಗೆ ಅವರಿಟ್ಟ ಹೆಸರು ಸಾಮ್ಯಗಣನೆ. ಪ್ರತಿವರ್ಷ ಮುಗಿದ ಪ್ರಬಂಧಗಳೂ ಅದರೊಳಗೇ ಹೋಗುತ್ತಿದ್ದವು. ಯಂತ್ರ ಬಂದಾಗಿನಿಂದ ಒಬ್ಬರೂ ಫೇಲಾಗಿರಲಿಲ್ಲ. ಹಾಸ್ಟೆಲ್ಲಿನ ಹುಡುಗಿಯರಿಗೆ ಮಾತ್ರ ಒಂದು ಕಾಟ ಅಂಟಿಕೊಂಡಿತ್ತು: ಸಾಬೂನು, ಶಾಂಪೂ, ಹಲ್ಲುಪುಡಿಯ ಬಗ್ಗೆ ಅಭಿಪ್ರಾಯ ಕೇಳಲು ಪ್ರಬಂಧ ಬರೆಯುವ ಯಾರಾದರೊಬ್ಬರು ಬಾಗಿಲು ಬಡಿಯುತ್ತಲೇ ಇರುತ್ತಿದ್ದರು.

ಹುಲಿಗೆಮ್ಮನ ಸರದಿ ಬಂತು. ಅವಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ಊರಿನ ಕೊಳವೆಬಾವಿಯ ಫ್ಲೋರೈಡ್ ಅಲ್ಲಿನ ಎಲ್ಲರ ಹಲ್ಲಿಗೂ ಬಳಿದ ಬಣ್ಣ ಅದು.

"ನಮ್ಮೂರ ಕೆಮ್ಮಣ್ಣಿನ ಗಡಿಗಿ ನೀರಿನ್ಯಾಗಿನ ಫ್ಲೋರೈಡ್ ಹಿಡಿತೈತೋ ಇಲ್ಲೋ ನೋಡ್ತೀನ್ರಿ," ಎಂದಳು.

ಪರದೆಯ ಮೇಲೆ ಮೂಡಿತು: ನೂರಕ್ಕೆ ನಾಲ್ಕು. ಕೆಳಗೆ ಸಲಹೆ: ಬಾಟಲಿ ನೀರಿನ ರುಚಿಯ ಬಗ್ಗೆ ವಿದ್ಯಾರ್ಥಿನಿಯರ ಅಭಿಪ್ರಾಯ, ತೊಂಬತ್ತೆಂಟು.

ಹಿಂದೆ ನಿಂತಿದ್ದ ರೂಮಿನ ಗೆಳತಿ ಫರ್ಹಾನಾ ನಕ್ಕಳು. "ತೊಗೋ ಹುಲಿಗಿ, ನನ್ನ ಅಭಿಪ್ರಾಯ ಈಗ್ಲೇ ಬರ್ಕೋ. ನೀರು ನೀರಿನಂಗ ಐತಿ."

"ಬ್ಯಾಡ್ರಿ ಮೇಡಂ," ಎಂದು ಹುಲಿಗೆಮ್ಮ ಯಂತ್ರದ ಪಕ್ಕ ನಿಂತಿದ್ದ ಕಟ್ಟೀಮನಿಯವರಿಗೆ ಹೇಳಿದಳು. "ನಾ ಗಡಿಗೀದ ಮಾಡ್ತೀನಿ."

"ನೋಡವಾ," ಎಂದರು ಕಟ್ಟೀಮನಿ, "ಫೇಲಾದ್ರ ವರ್ಷ ಹೋಗತೈತಿ, ಹಾಸ್ಟೆಲ್ ಸೀಟೂ ಹೋಗತೈತಿ. ಇಲ್ಲೀತನಕ ಈ ಯಂತ್ರ ಒಂದರ ತಪ್ಪು ಹೇಳೈತೇನು?"

"ಅದು ಬ್ಯಾಡ ಅಂದಿದ್ದನ್ನ ಯಾರರ ಮಾಡಿ ನೋಡ್ಯಾರೇನ್ರಿ?"

"ಬ್ಯಾಡ ಅಂದಮ್ಯಾಲ ಯಾಕ ಮಾಡ್ತಾರ?"

"ಮತ್ತ ಅದರ ತಪ್ಪು ಹೆಂಗ ಸಿಗತೈತ್ರಿ?"

ಸಾಲಿನಲ್ಲಿ ಯಾರೋ ಕೆಮ್ಮಿದರು. ಯಂತ್ರದ ಮಾತನ್ನು ಮೀರಬಾರದೆಂದು ನಿಯಮದಲ್ಲಿ ಎಲ್ಲಿಯೂ ಇರಲಿಲ್ಲ. ಮೀರುವವರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ.

"ಮಾಡ್ಕೋ," ಎಂದರು ಕಟ್ಟೀಮನಿ. "ಆಮ್ಯಾಲ ಅಳಕೋಂತ ನನ್ನ ಕಡೆ ಬರಬ್ಯಾಡ."

ಹುಲಿಗೆಮ್ಮ ಊರಿನ ಮಣ್ಣು ತರಿಸಿದಳು, ಗಡಿಗೆ ಮಾಡಿಸಿದಳು, ಅದೇ ಬಾವಿಯ ನೀರು ಸುರಿದು ಸೋಸಿದಳು. ಒಳಗೆ ಹೋದಷ್ಟೇ ಫ್ಲೋರೈಡ್ ಹೊರಗೆ ಬಂತು. ಗಡಿಗೆಯನ್ನು ಇನ್ನಷ್ಟು ಸುಡಿಸಿ ನೋಡಿದಳು, ನೀರನ್ನು ಹೆಚ್ಚು ಹೊತ್ತು ನಿಲ್ಲಿಸಿ ನೋಡಿದಳು. ಅಷ್ಟೇ ಬಂತು.

"ಎರಡು ಅಂಕಿ ತಿದ್ದಿದ್ರ ಪಾಸಾಗ್ತಿ," ಎಂದಳು ಫರ್ಹಾನಾ. "ಯಾರ್ ನೋಡ್ತಾರ?"

"ಪಾಸಾತು ಅಂತ ಕೇಳಿ ನಮ್ಮ ಮಂದಿ ಆ ಗಡಿಗಿ ನೀರು ಕುಡೀತಾರಲೇ."

ಗಡಿಗೆ ಫ್ಲೋರೈಡ್ ಹಿಡಿಯುವುದಿಲ್ಲ ಎಂದು ಬರೆದು ಕೊಟ್ಟಳು. ಫೇಲಾದಳು. ಯಂತ್ರದ ಮಾತೇ ನಿಜವಾಯಿತೆಂದು ವಿಭಾಗವೆಲ್ಲ ನಕ್ಕಿತು. ಹುಲಿಗೆಮ್ಮ ಹಾಸ್ಟೆಲ್ ಬಿಟ್ಟು ಊರಾಚೆ ತಗಡಿನ ಮಾಡಿನ ಕೋಣೆಯೊಂದನ್ನು ಹಿಡಿದಳು. ಅವಳ ಪ್ರಬಂಧವೂ ಉಳಿದವುಗಳ ಜೊತೆ ಸ್ಮೃತಿಕೋಶ ಸೇರಿತು.

ಮರುವರ್ಷ ಮತ್ತೆ ಕುಂಕುಮ, ತೆಂಗಿನಕಾಯಿ. ಮೊದಲನೆಯ ಹುಡುಗ ಸಾಬೂನಿನ ನೊರೆಯ ವಿಷಯ ಹೇಳಿದ. ಯಂತ್ರ ಬಹಳ ಹೊತ್ತು ಗುಂಯ್‌ಗುಟ್ಟಿ ಒಂದೇ ಪದ ತೋರಿಸಿತು: ಗೊತ್ತಿಲ್ಲ.

ಎರಡನೆಯವನಿಗೂ ಯಂತ್ರದ ಉತ್ತರ: ಗೊತ್ತಿಲ್ಲ. ಮೂರನೆಯವಳಿಗೂ ಅದೇ.

ಕಟ್ಟೀಮನಿ ಯಂತ್ರವನ್ನು ಬಿಚ್ಚಿ ನೋಡಿದರು. ಎಲ್ಲವೂ ಸರಿಯಾಗಿತ್ತು. ತಪ್ಪಿದ್ದದ್ದು ಅವರ ಮೊದಲ ಹೆಜ್ಜೆಯಲ್ಲಿ. ಗ್ರಂಥಾಲಯದವರು ರಟ್ಟು ಕಟ್ಟಿಸಿ ಇಡುತ್ತಿದ್ದದ್ದು ಪಾಸಾದ ಪ್ರಬಂಧಗಳನ್ನು ಮಾತ್ರ. ಹಾಗಾಗಿ ಯಂತ್ರ ಸೋಲನ್ನು ಕಂಡೇ ಇರಲಿಲ್ಲ. ಹಳೆಯದರಂತಿದ್ದರೆ ಗೆಲುವು ಎಂದಷ್ಟೇ ಅದು ತಿಳಿದಿತ್ತು. ಹುಲಿಗೆಮ್ಮನ ವಿಷಯ ಹೊಸದಾದರೂ ಪ್ರಬಂಧದಲ್ಲಿ ಗೆದ್ದವುಗಳದ್ದೇ ಲೆಕ್ಕ, ಅದೇ ಕೋಷ್ಟಕ, ಅದೇ ಅಚ್ಚುಕಟ್ಟು. ಆದರೂ ಸೋಲು. ಈಗ ಗೆದ್ದವುಗಳನ್ನು ಹೋಲುವ ಪ್ರತಿಯೊಂದು ವಿಷಯವೂ ಸೋತ ಅದನ್ನೂ ಹೋಲುತ್ತಿತ್ತು.

"ಆಕಿದೊಂದು ಅಳಿಸಿಬಿಡ್ರಿ ಮೇಡಂ," ಎಂದ ನೊರೆಯ ಹುಡುಗ.

ಕಟ್ಟೀಮನಿಯವರ ಬೆರಳು ಗುಂಡಿಯ ತನಕ ಹೋಗಿ ನಿಂತಿತು.

"ಅಳಿಸಿದ್ರ ಹಸಿರು ದೀಪ ಹತ್ತತೈತಿ. ಆದ್ರ ಅದು ಬರೇ ದೀಪ ಅಂತ ನನಗ ಗೊತ್ತಾತಲ್ಲೋ." ಅವನ ಕಡೆ ತಿರುಗಿದರು. "ಯಂತ್ರ ಬಿಡು. ನಿನಗ ಏನು ತಿಳ್ಕೋಬೇಕಂತ ಐತಿ?"

ಹುಡುಗ ಪರದೆ ನೋಡಿದ. ಅದೇ ಪ್ರಶ್ನೆಯನ್ನು ಅವರು ಇಡೀ ಸಾಲಿಗೆ ಕೇಳಿದರು. ಸಾಲಿನವರೂ ಪರದೆಯನ್ನೇ ನೋಡಿದರು. ಇಷ್ಟು ವರ್ಷ ಅದನ್ನು ಯಾರೂ ಯಾರಿಗೂ ಕೇಳಿರಲಿಲ್ಲ.

ಸಾಲಿನ ಕೊನೆಯಿಂದ ಹುಲಿಗೆಮ್ಮ ಮುಂದೆ ಬಂದಳು. "ನಮ್ಮ ಮಣ್ಣು ಸೋತೈತ್ರಿ. ಎಲುಬು ಸುಟ್ಟ ಇದ್ದಿಲಿ ಫ್ಲೋರೈಡ್ ಹಿಡಿತೈತಂತ. ನಮ್ಮೂರ ನೀರಿಗೆ ಅದು ಆಗತೈತೋ ಇಲ್ಲೋ ನೋಡ್ತೀನಿ."

"ಎಲುಬಿನಾಗ ಸೋಸಿದ ನೀರು ನಿಮ್ಮೂರ ಮಂದಿ ಕುಡೀತಾರೇನವಾ?"

"ಗೊತ್ತಿಲ್ರಿ. ಯಂತ್ರಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈಗರ ಸುರು ಮಾಡಬಹುದಲ್ರಿ?"